ಕಂಚಿನ ಮೀನಿನ ನೂರ ಹನ್ನೆರಡು ಹುರುಪೆ

2019ರ ಜೂನ್ 11, ಮಂಗಳವಾರ, ಬೆಳಿಗ್ಗೆ 8.20. ಟಾಲಿನ್ ನಗರದ ಹಳೆ ಪೇಟೆ ಠಾಣೆಗೆ ‘ಮೂರು ಹಾಯಿ’ ಹೋಟೆಲಿನ ಮ್ಯಾನೇಜರ್ ತರ್ವೊ ಬಂದು ದೂರು ಕೊಟ್ಟ. ಹೋಟೆಲಿನ ಮುಂಬಾಗಿಲಲ್ಲಿದ್ದ ಕಂಚಿನ ಮೀನು ಕಾಣೆಯಾಗಿತ್ತು. ಎರಡು ಅಂಗೈ ಉದ್ದದ ಮೀನು ಅದು. ಸುಮಾರು ಮುನ್ನೂರು ವರ್ಷದ ಹಿಂದೆ ಬಾಗಿಲು ಬಡಿಯುವುದಕ್ಕೆಂದು ಹಾಕಿದ್ದು.

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಮೆರಿಕೆಯ ಪೆನ್ನು ಒಂದು ಕ್ಷಣ ನಿಂತಿತು. ಆ ಮೀನಿನ ಬೆನ್ನು ಮೂರು ಸಲ ಸವರಿದವರು ಈ ಊರಿಗೆ ಮರಳಿ ಬಂದೇ ಬರುತ್ತಾರೆ ಎಂಬ ಕತೆ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಹಡಗಿಳಿದು ಬರುವ ಪ್ರವಾಸಿಗಳೆಲ್ಲ ಸರದಿಯಲ್ಲಿ ನಿಂತು ಸವರುತ್ತಿದ್ದರು.

“ಕದ್ದೋನು ಯಾರು ಅಂತ ನಂಗೊತ್ತು,” ಅಂದ ತರ್ವೊ. “ಬಾಗಿಲು ಕಾಯೋ ವಿಲ್ಲು. ಬೆಳಗಿನ ಪಾಳಿ ಅವನದೇ. ಶುಕ್ರವಾರದೊಳಗೆ ಮೀನು ಸಿಗದಿದ್ರೆ ಅವನನ್ನ ಕೆಲಸದಿಂದ ತೆಗೀತೀವಿ.”

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಊಲೊ ರೌಡ್‌ಸೆಪ್ ಕೇಳಿದರು, “ಅಷ್ಟೆಲ್ಲ ಗೊತ್ತಿದ್ರೆ ಇಲ್ಲಿಗ್ಯಾಕೆ ಬಂದ್ರಿ? ಕೋಳ ಬೇಕಿತ್ತಾ?”

ಎಫ್‌ಐಆರ್ ದಾಖಲಾಯಿತು.

9.05ಕ್ಕೆ ಸ್ಥಳ ಪಂಚನಾಮೆ. ಪಕ್ಕದ ಬೇಕರಿಯ ಹೆಂಗಸು, ಎದುರಿನ ಹೂವಿನ ಅಂಗಡಿಯವನು ಪಂಚರು. ಹಳೆ ಗೋಡೆಗಳಿಗೆ ಮೊಳೆ ಹೊಡೆಯಬಾರದೆಂಬ ನಿಯಮವಿದ್ದುದರಿಂದ ಬೀದಿಯಲ್ಲಿ ಕ್ಯಾಮೆರಾ ಇರಲಿಲ್ಲ. ಓಕ್ ಮರದ ಬಾಗಿಲ ಮೇಲೆ ಒಂದು ಗೀರೂ ಇರಲಿಲ್ಲ. ತಿರುಪು ಬಿಚ್ಚಿದ ನಾಲ್ಕು ತೂತುಗಳಿಗೆ ಜೇನುಮೇಣ ತುಂಬಿ, ಬೆರಳಿನಿಂದ ನಯ ಮಾಡಿದ್ದರು.

“ಇದ್ಯಾಕೆ?” ಎಂದರು ಇನ್ಸ್‌ಪೆಕ್ಟರ್.

“ಮಳೆ ನೀರು ಒಳಗೆ ಹೋಗಿ ಮರ ಕೊಳೀಬಾರದು ಅಂತ ಸಾರ್,” ಅಂದಳು ಮೆರಿಕೆ.

“ಕದಿಯೋಕೆ ಬಂದೋನಿಗೆ ಬಾಗಿಲ ಮೇಲೆ ಇಷ್ಟೊಂದು ಅಕ್ಕರೆಯಾ?”

ಬೇಕರಿಯ ಹೆಂಗಸು ನಡುವೆ ಬಾಯಿ ಹಾಕಿದಳು. “ಅಂಥ ಕಳ್ಳ ಸಿಕ್ಕಿದ್ರೆ ನಮ್ಮನೆಗೂ ಕಳಿಸಿ ಸಾರ್. ಕಿಟಕಿ ಸೋರ್ತಿದೆ, ಗಂಡ ಅಲ್ಲಾಡಲ್ಲ.”

11 ಗಂಟೆಗೆ ವಿಲ್ಲು ಠಾಣೆಗೆ ಬಂದ. ಐವತ್ತೈದರ ಆಳು. ಹೋಟೆಲಿನ ಸಮವಸ್ತ್ರ ಹಾಕಬಾರದೆಂದು ಆಜ್ಞೆಯಾಗಿತ್ತು. ತನ್ನದೇ ಹಳೆ ಕೋಟಿಗೆ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ಕೂರಿ ಎಂದರೂ ಕೂರಲಿಲ್ಲ.

“ಬಾಗಿಲು ಬಿಟ್ಟು ಹೋಗಿದ್ರಾ?” ಎಂದು ಕೇಳಿದಳು ಮೆರಿಕೆ.

“ಹೋಗಿದ್ದೆ. 6.15ಕ್ಕೆ. ಹಿಂದಿನ ಅಂಗಳಕ್ಕೆ ಬಸ್ ಬಂತು. ಮೂವತ್ತೊಂದು ಪೆಟ್ಟಿಗೆ. ಹನ್ನೆರಡು ನಿಮಿಷ.”

“ಒಂದೆರಡು ನಿಮಿಷ ಅಂತ ಹೇಳಬಹುದಿತ್ತಲ್ಲ?”

“ಇಪ್ಪತ್ತೆರಡು ವರ್ಷ ಆ ಬಾಗಿಲಲ್ಲಿ ನಿಂತಿದೀನಿ ಮೇಡಂ. ಅತಿಥಿ ಹೆಸರನ್ನ ತಪ್ಪು ಹೇಳಿಲ್ಲ, ಪೆಟ್ಟಿಗೆ ತಪ್ಪು ಕೋಣೆಗೆ ಕಳಿಸಿಲ್ಲ. ನಿಮ್ಮ ಹತ್ರ ಬಂದು ನಿಮಿಷ ತಪ್ಪು ಹೇಳಲಾ?”

“ಆ ಬಸ್ ಬರೋದು ಯಾರಿಗೆ ಗೊತ್ತಿತ್ತು?”

“ನಮಗೆ, ಡ್ರೈವರ್‌ಗೆ. ಆಮೇಲೆ ಗೈಡ್‌ಗಳಿಗೆ. ವಾರದ ಪಟ್ಟಿ ಅವರಿಗೂ ಹೋಗುತ್ತೆ.”

ಡ್ರೈವರ್ ಬಸ್ಸಿನ ಪಕ್ಕದಲ್ಲೇ ಇದ್ದ. ಹೋಟೆಲಿನವರೆಲ್ಲ ಒಳಗಿನ ಕ್ಯಾಮೆರಾದಲ್ಲಿ ಕಂಡರು. ಉಳಿದದ್ದು ಒಂಬತ್ತು ಜನ ಪರವಾನಗಿ ಪಡೆದ ಗೈಡ್‌ಗಳು. ಒಂಬತ್ತೂ ಜನರನ್ನು ಠಾಣೆಗೆ ಕರೆಸಿ ಕೇಳಿದರೆ ಒಂಬತ್ತೂ ಜನ ಚೆನ್ನಾಗಿಯೇ ಮಾತಾಡುತ್ತಾರೆ, ಅದು ಅವರ ಕಸುಬು ಎಂದು ಮೆರಿಕೆ ಹೇಳಿದಳು. ಬದಲಿಗೆ ತಾನೇ ಸಾದಾ ಉಡುಪಿನಲ್ಲಿ ಅವರ ಗುಂಪುಗಳ ಹಿಂದೆ ನಡೆಯಲು ಅನುಮತಿ ಕೇಳಿದಳು.

ಬುಧವಾರ ಐದು ಗುಂಪು, ಗುರುವಾರ ನಾಲ್ಕು. ಎಂಟು ಜನ ಗೈಡ್‌ಗಳು ಮೀನಿಲ್ಲದ ಬಾಗಿಲ ಮುಂದೆಯೂ ನಿಂತು ಮೀನಿನ ಕತೆ ಹೇಳಿದರು. ಸಮುದ್ರದಲ್ಲಿ ಕಳೆದುಹೋದ ನಾವಿಕ, ದಿನವೂ ಮೀನು ಸವರಿದ ಹೆಂಡತಿ, ಏಳನೇ ವರ್ಷ ಅವನು ಮರಳಿ ಬಂದದ್ದು. ಒಬ್ಬ ಮೀಸೆಯ ಗೈಡ್, ಮೀನು ತಾನಾಗಿ ಈಜಿಕೊಂಡು ಹೋಗಿದೆ ಎಂದ. ಇನ್ನೊಬ್ಬಳು, “ಪರವಾಗಿಲ್ಲ, ಬಾಗಿಲನ್ನೇ ಸವರಿ, ಅದಕ್ಕೂ ಶಕ್ತಿ ಇದೆ” ಎಂದಳು. ಜನ ಸಾಲುಗಟ್ಟಿ ಬಾಗಿಲು ಸವರಿದರು.

ಗುರುವಾರ ಸಂಜೆ 4.10ಕ್ಕೆ ಒಂಬತ್ತನೆಯ ಗೈಡ್ ಬಂದಳು. ಹಿಲ್ಯಾ ಕೂಸ್ಕ್, ಅರವತ್ತೇಳು ವರ್ಷ, ಎಲ್ಲರಿಗಿಂತ ಹಿರಿಯಳು. ಅವಳು ಬೀದಿಯ ಆಚೆ ಬದಿಗೆ ದಾಟಿ, ನಿಲ್ಲದೆ ನಡೆದಳು.

ಯಾರೋ ಕೂಗಿ ಕೇಳಿದರು, “ಮೀನಿನ ಬಾಗಿಲು ಇದೇ ಅಲ್ವಾ?”

“ಇದೇ. ಅಲ್ಲಿ ಕೇಳೋ ಅಂಥದ್ದು ಏನೂ ಇಲ್ಲ. ಬನ್ನಿ, ಮುಂದೆ ನಿಜವಾದದ್ದು ಬೇಕಾದಷ್ಟಿದೆ.”

ಇನ್ಸ್‌ಪೆಕ್ಟರ್ ವರದಿ ಕೇಳಿ ಹುಬ್ಬೇರಿಸಿದರು. “ನಿಲ್ಲದೆ ಹೋಗೋದು ಯಾವ ಕಲಮಿನಲ್ಲಿ ಅಪರಾಧ?”

“ಅಪರಾಧ ಅಲ್ಲ ಸಾರ್. ಆದ್ರೆ ಮೀನು ಹೋದ್ರೂ ಎಂಟು ಜನ ಆ ಕತೆ ಬಿಡ್ತಿಲ್ಲ. ಇವರು ಮೀನು ಇದ್ದಾಗಲೇ ಬಿಟ್ಟಿದಾರೆ. ಉಳಿದವರನ್ನ ವಿಚಾರಿಸಿದೆ, ಎರಡು ವರ್ಷವಾಯ್ತಂತೆ.”

ಊಲೊ ಟೋಪಿ ಎತ್ತಿಕೊಂಡರು.

5.40ಕ್ಕೆ ಹಿಲ್ಯಾಳ ಮನೆ, ನಾಲ್ಕನೆಯ ಮಹಡಿ. ಬಾಗಿಲು ತೆಗೆದವಳು ಸಮವಸ್ತ್ರ ನೋಡಿ ಬೆಚ್ಚಲಿಲ್ಲ.

“ಬಂದ್ರಾ? ನಿನ್ನೆನೇ ಬರ್ತೀರಿ ಅಂದ್ಕೊಂಡಿದ್ದೆ. ಕಾಫಿ ಆರಿ ತಣ್ಣಗಾಯ್ತು.”

“ಮೀನು ಎಲ್ಲಿದೆ ಹಿಲ್ಯಾ ಮೇಡಂ?”

ಊಟದ ಮೇಜಿನ ಮೇಲೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಬಟ್ಟೆ ಬಿಡಿಸಿದಾಗ ಮೆರಿಕೆ ಮೊದಲ ಸಲ ಅದನ್ನು ಸರಿಯಾಗಿ ನೋಡಿದಳು. ಬೆನ್ನು ಚಮಚದಂತೆ ನುಣ್ಣಗೆ ಹೊಳೆಯುತ್ತಿತ್ತು. ಹೊಟ್ಟೆಯ ಕೆಳಗೆ, ಕೈ ತಲುಪದ ಕಡೆ ಮಾತ್ರ ಉಗುರಿನಷ್ಟಗಲದ ಹುರುಪೆಗಳು ಉಳಿದಿದ್ದವು. ಒಂದೊಂದರ ಮೇಲೂ ಕೂದಲೆಳೆಯಂಥ ಗೆರೆ.

“ನೂರ ಹನ್ನೆರಡು ಇದ್ವು,” ಅಂದಳು ಹಿಲ್ಯಾ. “ಈಗ ಹತ್ತೊಂಬತ್ತು. ಮೊದಲಿನ ಫೋಟೋ ಇಟ್ಕೊಂಡು ಎಣಿಸಿದೀನಿ.”

“ಯಾಕೆ ಕದ್ರಿ?”

“ಆ ನಾವಿಕನ ಕತೆ ಇದೆಯಲ್ಲ, ಅದನ್ನ ಹುಟ್ಟಿಸಿದೋಳು ನಾನು. 1998ರಲ್ಲಿ. ಬಸ್ ಕೆಟ್ಟು ನಿಂತಿತ್ತು, ನಲವತ್ತು ಜನ ಬೀದೀಲಿ ನಿಂತು ಗೊಣಗ್ತಾ ಇದ್ರು. ಬಾಗಿಲು ಕಣ್ಣಿಗೆ ಬಿತ್ತು, ಬಾಯಿಗೆ ಬಂದದ್ದು ಹೇಳ್ದೆ. ಮಾರನೇ ವಾರ ಇನ್ನೊಬ್ಬ ಗೈಡ್ ಹೇಳ್ತಿದ್ದ. ಆಮೇಲೆ ಪುಸ್ತಕದಲ್ಲೂ ಬಂತು.”

ಮೆರಿಕೆಗೆ ತನ್ನ ಬಾಲ್ಯದ ಒಂದು ಇಟ್ಟಿಗೆ ಜಾರಿದಂತಾಯಿತು. “ಹಾಗಾದ್ರೆ ನಿಜ ಹೇಳಿಬಿಡಬಹುದಿತ್ತಲ್ಲ?”

“ಹೇಳ್ದೆ ಕಣಮ್ಮ. ಹೋಟೆಲಿಗೆ ಮೂರು ಕಾಗದ ಬರೆದೆ, ಉತ್ತರ ಇಲ್ಲ. ಗೈಡ್‌ಗಳ ಸಭೇಲಿ ಹೇಳ್ದೆ, ಎಲ್ಲಾ ನಕ್ರು. ‘ಹಿಲ್ಯಾಗೆ ವಯಸ್ಸಾಯ್ತು, ಇಷ್ಟು ಒಳ್ಳೇ ಕತೆ ಇವಳು ಎಲ್ಲಿಂದ ಕಟ್ತಾಳೆ’ ಅಂದ್ರು.” ಅವಳು ಮೀನಿನ ಮೇಲೆ ಬಟ್ಟೆ ಎಳೆದಳು. “ನಾನು ಕೆಲಸಕ್ಕೆ ಸೇರಿದ್ದು ’73ರಲ್ಲಿ. ಆಗ ನಾವು ಮಾಸ್ಕೋ ಆಳ್ವಿಕೆಯಲ್ಲಿದ್ವಿ. ಅಲ್ಲಿಂದ ಹಾಳೆ ಬರ್ತಿತ್ತು, ಅದರಲ್ಲಿದ್ದದ್ದನ್ನೇ ಒಪ್ಪಿಸಬೇಕು. ಹದಿನೆಂಟು ವರ್ಷ ಸುಳ್ಳು ಒಪ್ಪಿಸಿದೆ. ಸ್ವಾತಂತ್ರ್ಯ ಬಂದ ದಿನ ಅಂದ್ಕೊಂಡೆ, ಇನ್ನು ಈ ಊರಿನ ಬಗ್ಗೆ ನನ್ನ ಬಾಯಲ್ಲಿ ಸುಳ್ಳು ಬರಬಾರದು ಅಂತ. ಬಂದದ್ದು ಒಂದೇ ಒಂದು. ಅದೇ ನಿಂತ್ಕೊಂಡುಬಿಡ್ತು. ಒಬ್ಬ ಕುಶಲಕರ್ಮಿಯ ಕೆಲಸವನ್ನ ನೋಡ್ತಾ ನೋಡ್ತಾ ತಿಂದುಹಾಕ್ತು.”

“ವಿಲ್ಲು ಬಗ್ಗೆ ಯೋಚನೆ ಮಾಡಲಿಲ್ವಾ?” ಎಂದರು ಊಲೊ.

“ವಿಲ್ಲು? ಅವನಿಗೇನು? ರಜೆ ಹಾಕಿದಾನೆ ಅಂದ್ಕೊಂಡೆ.”

“ಕೆಲಸದಿಂದ ದೂರ ಇಟ್ಟಿದಾರೆ. ನಾಳೆ ತೆಗೀತಾರೆ. ಕಳ್ಳ ಅಂತ.”

ಆ ತನಕ ನೆಟ್ಟಗೆ ನಿಂತಿದ್ದ ಹಿಲ್ಯಾ ಕುರ್ಚಿಯ ಬೆನ್ನು ಹಿಡಿದಳು. ಆಮೇಲೆ ಕೋಟು ಹಾಕಿಕೊಂಡು, ಒಲೆ ಆರಿಸಿ, ಬಾಗಿಲ ಬಳಿ ಬಂದು ನಿಂತಳು.

“ನಡೀರಿ. ಇವತ್ತೇ ಬರೀಬೇಕು. ನಾಳೆ ಬೆಳಗಿನ ಪಾಳಿಗೆ ಅವನು ಬಾಗಿಲಲ್ಲಿ ನಿಲ್ಲಬೇಕು.”

6.15ಕ್ಕೆ ಬಂಧನ ದಾಖಲಾಯಿತು. ಮೆರಿಕೆ ಹೋಟೆಲಿಗೆ ಫೋನ್ ಮಾಡಿ, ವಿಲ್ಲು ನಿರ್ದೋಷಿ ಎಂಬುದನ್ನು ತರ್ವೊನ ಬಾಯಲ್ಲಿ ಎರಡು ಸಲ ಹೇಳಿಸಿದಳು. ನಂತರ ವಿಲ್ಲುವಿಗೂ ಮಾಡಿದಳು. “ಕದ್ದದ್ದು ಯಾರು?” ಅಂದ. ಹೆಸರು ಕೇಳಿ, “ಅವರಿಗೆ ಊಟ ಕೊಟ್ರಾ?” ಅಂದ.

ಹೇಳಿಕೆ ಬರೆಯುವುದು ಒಂಬತ್ತರವರೆಗೆ ನಡೆಯಿತು. ದುರಸ್ತಿ ಕೆಲಸದವಳಂತೆ ಹಳದಿ ಜಾಕೆಟ್ ಹಾಕಿ ಬೆಳಗಿನ ಬೆಳಕಲ್ಲೇ ಬಿಚ್ಚಿದ್ದು, ಏಳು ನಿಮಿಷ ಹಿಡಿದದ್ದು, ಎಲ್ಲವನ್ನೂ ಹಿಲ್ಯಾ ಕ್ರಮವಾಗಿ ಹೇಳಿದಳು. ವಶಪಡಿಸಿಕೊಂಡ ವಸ್ತುವಿನ ಪಟ್ಟಿಯಲ್ಲಿ ‘ತಯಾರಿಸಿದವರು’ ಎಂಬ ಅಂಕಣವನ್ನು ಮೆರಿಕೆ ಎಂದಿನಂತೆ ಖಾಲಿ ಬಿಡಹೋದಾಗ ಹಿಲ್ಯಾ ತಡೆದಳು.

“ಬರಿ. ಕಂಚುಗಾರ ಯುರ್ಗೆನ್ ಹಾಸೆ, 1741. ಉಪ್ಪುಮೀನಿನ ವ್ಯಾಪಾರಿಗೆ ಮಾಡಿಕೊಟ್ಟದ್ದು. ನಾವಿಕನೂ ಇಲ್ಲ, ಹೆಂಡತಿಯೂ ಇಲ್ಲ.”

“ನಿಮ್ಮ ಗೈಡ್ ಬಿಲ್ಲೆ ಹೋಗಬಹುದು ಮೇಡಂ,” ಅಂದಳು ಮೆರಿಕೆ ಮೆಲ್ಲಗೆ.

“ಹೋಗ್ಲಿ. ಕಿತ್ಕೊಳ್ಳೋದಾದ್ರೆ ಸುಳ್ಳಿಗೆ ಅಂತ ಕಿತ್ಕೊಳ್ಳಲಿ, ಕಳ್ಳತನಕ್ಕೆ ಅಂತ ಬೇಡ. ಅದನ್ನೂ ಬರಿ.”

ಮೆರಿಕೆ ಅದನ್ನೂ ಬರೆದಳು. ಕೊನೆಯ ಸಾಲು ‘ಅಪರಾಧದ ಕಾರಣ’. ಇನ್ಸ್‌ಪೆಕ್ಟರ್ ಹೇಳಿ ಬರೆಸಿದರು: “ಆರೋಪಿಯು ತನ್ನ ಊರಿನ ಬಗ್ಗೆ ಇಪ್ಪತ್ತೊಂದು ವರ್ಷದ ಹಿಂದೆ ಆಡಿದ ಒಂದು ಮಾತನ್ನು ಹಿಂದಕ್ಕೆ ಪಡೆಯಲು ಬಯಸಿದ್ದರು.”

ಹಿಲ್ಯಾ ಕನ್ನಡಕ ಹಾಕಿಕೊಂಡು ಹೇಳಿಕೆಯನ್ನು ಮೊದಲಿಂದ ಓದಿದಳು. ಒಂದು ಇಸವಿ ತಿದ್ದಿದಳು. ಆಮೇಲೆ ಸಹಿ ಹಾಕಿದಳು.