ಹುಂಡಿಗೆ ಬಿದ್ದ ವಾಚು

"ಇಪ್ಪತ್ತೆಂಟು ಸಾವ್ರ."

ಆ ದನಿ ಅರ್ಪಿತಳಿಗೆ ಗೊತ್ತಿತ್ತು. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದಳು.

ಗುಡಿಯ ಕಂಬಕ್ಕೆ ಒರಗಿ ಚಲುವರಾಜು ನಿಂತಿದ್ದ. ಹದಿನೆಂಟು ದಿನದ ಮೇಲೆ ಎದುರಾದವನ ಕಣ್ಣು ಅವಳ ಮೇಲಿರಲಿಲ್ಲ. ಸ್ಟೀಲ್ ತಟ್ಟೆಯಲ್ಲಿದ್ದ ವಾಚಿನ ಮೇಲಿತ್ತು.

ಹುಂಡಿಗೆ ಬಂದ ವಸ್ತುಗಳ ಹರಾಜು ಅವತ್ತು. ಸಂತೆಬಾಚಹಳ್ಳಿ ಸುತ್ತಿನ ಜನ ಅಂಗಳದ ತುಂಬ ಕೂತಿದ್ದರು. ದೇವಿಗೆ ಉಡಿಸಿದ ಸೀರೆಗಳು, ಬೆಳ್ಳಿಯ ಕಣ್ಣುಗಳು ಹೋದ ಮೇಲೆ ಕೊನೆಗೆ ಉಳಿದದ್ದು ಇದೊಂದೇ. ಹಳೇ ಕಾಲದ ಚಿನ್ನದ ಕ್ವಾರ್ಟ್ಜ್ ವಾಚು, ಹೆಂಗಸರದು.

"ನೋಡ್ರಪ್ಪ, ಕೀ ಕೊಡಂಗಿಲ್ಲ, ಸೆಲ್ ಆಕುದ್ರೆ ಸಾಕು, ಓಡ್ತದೆ," ಗುಡಿ ಕಮಿಟಿಯ ನಿಂಗರಾಜು ತಟ್ಟೆ ಎತ್ತಿ ತೋರಿಸಿದ. "ಚಿನ್ನವೇ ಅಂತ ಆಚಾರ್ರು ಉಜ್ಜಿ ನೋಡವ್ರೆ. ಇಪ್ಪತ್ತೆಂಟು ಸಾವ್ರ ಒಂದ್ಸಲ..."

"ಮೂವತ್ತು," ಅಂದಳು ಅರ್ಪಿತ.

ಪಕ್ಕದಲ್ಲಿದ್ದ ಅವಳ ಅವ್ವ ಪ್ರಮೀಳಾ ಬೆಚ್ಚಿಬಿದ್ದಳು. "ಲೇ, ತಲೆ ನೆಟ್ಟಗೈತಾ ನಿಂಗೆ? ಸೀರೆ ತಗತೀನಿ ಅಂತ ತಾನೆ ನನ್ನ ಎಳ್ಕಂಡು ಬಂದಿದ್ದು?"

ಅರ್ಪಿತಳ ಕಣ್ಣು ಕಂಬದ ಕಡೆಗೇ ಇತ್ತು. ಇವನೇಕೆ ಬಂದ...

ಆ ವಾಚು ಅವನ ಅವ್ವನದು. ನಾಗಮಂಗಲದಲ್ಲಿ ಟೀಚರಾಗಿದ್ದ ಆಕೆ ಸಾಯುವ ತನಕ ಕೈಯಿಂದ ಬಿಚ್ಚಿರಲಿಲ್ಲವಂತೆ. ಅವನು ಮಾಕವಳ್ಳಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವವನು, ಇವಳು ಊರ ಡೇರಿಯಲ್ಲಿ ಹಸುವಿನ ಹಾಲಿನ ಜಿಡ್ಡು ನೋಡುವವಳು. ಒಂದೇ ಬಸ್ಸಿನಲ್ಲಿ ಶುರುವಾದ ಮಾತು ಹೇಮಗಿರಿಯ ಹೊಳೆ ದಂಡೆಗೆ ಬಂದು ನಿಂತಾಗ ಅವನು ಆ ವಾಚನ್ನು ಅವಳ ಅಂಗೈಯಲ್ಲಿಟ್ಟಿದ್ದ.

"ಮನೇಲಿ ಹೇಳ್ದ ದಿನ ಕಟ್ಕೊ. ನಿನ್ನ ಕೈಯಲ್ಲಿ ಕಂಡ್ರೆ ಸಾಕು, ಮಾರ್ನೇ ದಿನವೇ ಅಪ್ಪನ್ನ ಕರ್ಕೊಂಡು ಬತ್ತೀನಿ."

ಹೇಳುವ ಧೈರ್ಯವೇ ಬರಲಿಲ್ಲ. ಅಲ್ಲಿಯವರೆಗೆ ಎಲ್ಲಿಡುವುದು? ಬೀರು, ಹಾಸಿಗೆ ಅಡಿ, ಡೇರಿಯ ಬ್ಯಾಗು, ಅವ್ವ ಎಲ್ಲದಕ್ಕೂ ಕೈ ಹಾಕುವವಳು. ಮನೆಯಲ್ಲಿ ಯಾರೂ ಬಿಚ್ಚದ ಗಂಟು ಒಂದೇ ಇತ್ತು. ಅಜ್ಜಿಯ ಕಣ್ಣಿನ ಆಪರೇಷನ್ ಸರಿಹೋಗಲಿ ಎಂದು ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟಿದ್ದ ಮುಡಿಪು. ದೇವರ ಕಾಸನ್ನು ಬಿಚ್ಚಿ ನೋಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳಿಗೆ ಅದೊಂದು ಧೈರ್ಯ ಮಾತ್ರ ಇತ್ತು. ವಾಚನ್ನು ಅದರೊಳಗೆ ಸೇರಿಸಿ, ಗಂಟನ್ನು ಮತ್ತೆ ದೇವರ ಗೂಡಿನಲ್ಲಿಟ್ಟಿದ್ದಳು.

ಒಂದು ಸಂಜೆ ಡೇರಿಯಿಂದ ಬಂದಾಗ ದೇವರ ಗೂಡು ಖಾಲಿ. ಅಜ್ಜಿಗೆ ಕಣ್ಣು ಕಾಣಿಸಿತೆಂದು ಅವ್ವ ಮುಡಿಪನ್ನು ಹುಂಡಿಗೆ ಹಾಕಿ ಬಂದಿದ್ದಳು.

ಅದೇ ಸಂಜೆ ಅವನ ಫೋನು. "ಹೇಳಿದ್ಯಾ ಮನೇಲಿ?"

ನಿಮ್ಮ ಅವ್ವನ ವಾಚು ಕಳೆದುಬಿಟ್ಟೆ ಅಂತ ಯಾವ ಬಾಯಲ್ಲಿ ಹೇಳುವುದು... "ಸ್ವಲ್ಪ ದಿನ ಫೋನ್ ಮಾಡ್ಬೇಡಿ," ಅಂದಿದ್ದಳು. ಅವನು ಮಾಡಲಿಲ್ಲ. ಮೊನ್ನೆ ಗುಡಿಯ ವಾಟ್ಸಾಪ್ ಗ್ರೂಪಿನಲ್ಲಿ ವಾಚಿನ ಫೋಟೋ ಬಂತು. ಅವನೂ ನೋಡಿರಬೇಕು.

ಏನಂದುಕೊಂಡಿದ್ದಾನೆ? ದೇವರಿಗೆ ಕೊಟ್ಟು ನನ್ನಿಂದ ಕೈತೊಳೆದುಕೊಂಡಳು ಎಂದೇ? ಅವ್ವನದನ್ನು ವಾಪಸ್ ಒಯ್ಯಲು ಬಂದಿದ್ದರೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಬಿಡದಿದ್ದರೆ ಅವನದನ್ನೇ ಅವನಿಂದ ಕಿತ್ತುಕೊಂಡ ಹಾಗೆ. ಯಾವುದು ಸರಿ? ಅವಳ ತಲೆಯೊಳಗೆ ಹತ್ತು ಜನ ಒಟ್ಟಿಗೇ ಸವಾಲು ಕೂಗುತ್ತಿದ್ದರು.

"ಮೂವತ್ತೆರಡು," ಅಂದ ಅವನು.

"ಮೂವತ್ತೈದು." ಅವಳಲ್ಲಿ ಇದ್ದದ್ದೇ ಅಷ್ಟು.

ಮುಂದಿನ ಸಾಲಿನ ದೇವರಾಜು ಬಾಯಿ ಹಾಕಿದ. "ಯಾಕ್ಲಾ ಚಲ್ವ, ಎಣ್ ಮಗಿನ್ ಮೇಲೆ ಜಿದ್ದಿಗೆ ಬಿದ್ದಿದ್ದೀಯ? ಬುಟ್ಕೊಡ್ಲಾ. ನಿನ್ ಮೀಸೆಗೆ ಆ ವಾಚು ಒಪ್ಪಾಕಿಲ್ಲ."

ಜನ ನಕ್ಕರು. ಚಲುವರಾಜು ನಗಲಿಲ್ಲ. "ನಂಗೆ ಬೇಕು ಕಣಣ್ಣ. ನಲ್ವತ್ತು."

ಆಗ ಅವಳ ಕಡೆ ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಕಬ್ಬಿನ ಗಾಡಿಗಳ ಸಾಲಿನಲ್ಲಿ ಎರಡು ದಿನ ಕಾದವನ ಕಣ್ಣಿನ ಹಾಗೆ ಬರೀ ಸುಸ್ತು.

"ನಲ್ವತ್ತು ಸಾವ್ರ ಒಂದ್ಸಲ... ಎಲ್ಡ್ಸಲ..."

ಅರ್ಪಿತ ಎದ್ದು ನಿಂತಳು.

"ನಾನು ಅದನ್ನ ದೇವ್ರಿಗೆ ಕೊಟ್ಟಿಲ್ಲ."

ನಿಂಗರಾಜು ತಟ್ಟೆ ಇಳಿಸಿದ. "ಉಂಡಿಗೆ ಬಿದ್ದ ಮೇಲೆ ದೇವ್ರುದು ಕಣವ್ವ. ವಾಪಸ್ ಕೇಳಂಗಿಲ್ಲ."

"ವಾಪಸ್ ಕೇಳ್ತಿಲ್ಲಣ್ಣ. ಒಬ್ರಿಗೆ ಗೊತ್ತಾಗ್ಲಿ ಅಂತ ಹೇಳ್ತಿದೀನಿ. ಮನೇಲಿ ಹೆದ್ರಿ ನಮ್ಮ ಮುಡಿಪಿನೊಳಗೆ ಬಚ್ಚಿಟ್ಟಿದ್ದೆ. ಅವ್ವ ತಂದು ಹಾಕ್ಬುಟ್ಲು. ನಾನು ಅವ್ರನ್ನ ಬೇಡ ಅಂದಿಲ್ಲ. ಯಾವತ್ತೂ ಅಂದಿಲ್ಲ..."

ಪ್ರಮೀಳಾ ಮಗಳನ್ನು ನೋಡಿದಳು, ಕಂಬದ ಹತ್ತಿರ ನೆಟ್ಟಗೆ ನಿಂತವನನ್ನು ನೋಡಿದಳು.

"ಯಾರ್ದೇ ಅದು ವಾಚು?"

"ಅವ್ರ ಅವ್ವಂದು. ತೀರ್ಕಂಡವ್ರೆ."

ಪ್ರಮೀಳಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಗುಳ ಬರುತ್ತದೆಂದು ಅರ್ಪಿತ ಕಣ್ಣು ಮುಚ್ಚಿದಳು.

"ಮುಡಿಪು ಇಷ್ಟು ಭಾರ ಐತಲ್ಲ, ಮನೆಯೋರು ಇಷ್ಟೊಂದು ಕಾಸು ಹಾಕವ್ರಲ್ಲ ಅಂತ ಖುಷಿಪಟ್ಟಿದ್ದೆ ಕಣೇ," ಅಂದಳು ಅವ್ವ. ದನಿ ಒಡೆದಿತ್ತು. "ನನ್ ಕುಟೆ ಏಳಕ್ಕೆ ಅಷ್ಟೊಂದು ಭಯವೇನೇ ನಿಂಗೆ? ಸತ್ತೋರ ವಸ್ತುನ ನನ್ ಕೈಲಿ ಉಂಡಿಗೆ ಆಕಿಸ್ಬುಟ್ಯಲ್ಲೇ..." ಆಮೇಲೆ ನಿಂಗರಾಜುವಿನ ಕಡೆ ತಿರುಗಿದಳು. "ಕೂಗಣ್ಣ ಮೂರ್ನೇ ಸಲ. ಆ ಹುಡ್ಗನ ಹೆಸರಿಗೇ ಕೂಗು."

ರಸೀದಿ ಬರೆಸಿ ಚಲುವರಾಜು ಹೊರಗೆ ಬಂದಾಗ ಅರ್ಪಿತ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು. ಅವ್ವ ಬೇಕೆಂದೇ ಕರ್ಪೂರದ ಅಂಗಡಿಯ ಮುಂದೆ ಹಿಂದುಳಿದಿದ್ದಳು.

"ವಾಚ್ ಹೋಯ್ತು ಅಂತ ಒಂದ್ಮಾತು ಹೇಳಿದ್ರೆ ಆಗಿರದು," ಅಂದ ಅವನು ಮೆಲ್ಲಗೆ. "ನೀನೇ ಹೋದೆ ಅಂದ್ಕೊಂಡು ಹದ್ನೆಂಟು ದಿನ ಕಳ್ದೆ."

"ಅಂಗಂದ್ಕೊಂಡೂ ಯಾಕೆ ಬಂದ್ರಿ? ನಿಮ್ಮ ಅವ್ವಂದು ವಾಪಸ್ ತಗೊಳ್ಳಾಕಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಇನ್ನೊಂದ್ಸಲ ನಿಂಗೇ ಕೊಟ್ಟು ನೋಡೋಣ ಅಂತ."

"ಅದನ್ನೂ ಬೇಡ ಅಂದಿದ್ರೆ?"

"ಅಲ್ಲಿಗಂಟ ಯೋಚ್ನೆ ಮಾಡಿರ್ಲಿಲ್ಲ."

"ಈಗ್ಲೂ ಮಾಡ್ಬೇಡಿ," ಅಂದಳು ಅರ್ಪಿತ, ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸುತ್ತ. "ಅವ್ವ ನೋಡ್ತಾವ್ಳೆ. ನೋಡ್ಲಿ. ಕಟ್ಟಿ."