ಒರೆಸಿದ ಕನ್ನಡಿ

ನನಗೆ ಮರೆವು ಅನ್ನುವವರು ಮೊದಲು ತಮ್ಮ ಕನ್ನಡಕ ಎಲ್ಲಿಟ್ಟಿದ್ದೀರಿ ಅಂತ ಹುಡುಕಿಕೊಳ್ಳಿ. ಹೋದ ಸಲ ಈ ಗುಂಪಿಗೆ ಕಳಿಸಿದ ಕತೆ ಕೇಳಿ ‘ಅಜ್ಜ ಅರ್ಧ ಸೇರಿಸಿ ಹೇಳ್ತಾನೆ’ ಅಂದವರು ಯಾರು ಅಂತಲೂ ಗೊತ್ತು, ಎಲ್ಲರೆದುರು ಮಾನ ಕಳೆಯುವುದಿಲ್ಲ. ಈ ಪ್ರಕರಣ ನಡೆದಾಗ ಆ ಠಾಣೆಯ ದಫೇದಾರರಾಗಿದ್ದವರು ನಮ್ಮ ಬೀಗರು. ಅವರು ಒಂದು ಮಾತು ಹೆಚ್ಚಿಗೆ ಆಡುವ ಜನವಲ್ಲ, ನಾನು ಒಂದು ಮಾತು ಬಿಡುವ ಜನವಲ್ಲ. ಸುಮ್ಮನೆ ಕೇಳಿ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗ್ರಂಥಾಲಯದ ಅಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಅವರ ಗ್ರಂಥಾಲಯಕ್ಕೆ ಒಂದು ದೊಡ್ಡ ಸಂಗ್ರಹ ದಾನವಾಗಿ ಬಂದಿತ್ತು. ನಾಟಕ ಕಂಪನಿಗಳ ಭಿತ್ತಿಪತ್ರ, ಸರ್ಕಸ್ಸಿನ ಉಡುಪು, ಜಾದೂಗಾರರ ಪೆಟ್ಟಿಗೆ, ಅವೆಲ್ಲದರ ಚರಿತ್ರೆ ಹೇಳುವ ಕಪಾಟುಗಟ್ಟಲೆ ಪುಸ್ತಕ. ಮರುದಿನ ಸಂಜೆ ಪ್ರದರ್ಶನದ ಉದ್ಘಾಟನೆ. ಆ ಬೆಳಿಗ್ಗೆ ಬಾಗಿಲು ತೆರೆದರೆ ಗೋಡೆಯ ನಟ್ಟನಡುವಿನ ಚೌಕಟ್ಟು ನೆಟ್ಟಗೆ ತೂಗುತ್ತಿದೆ, ಅದರೊಳಗಿನ ಛಾಯಾಚಿತ್ರ ಇಲ್ಲ.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹೆಂಗಸು. ಏನು ಸಿಕ್ಕರೂ ಸೋಸಿ ಸೋಸಿ ನೋಡುತ್ತಾರೆಂದು ಠಾಣೆಯವರು ಬೆನ್ನ ಹಿಂದೆ ಅವರನ್ನು ‘ಜರಡಿ’ ಅನ್ನುತ್ತಿದ್ದರು. ದಫೇದಾರರು ಜೀಪು ಹತ್ತುವಾಗಲೇ ಕಳ್ಳ ಯಾರೆಂದು ತೀರ್ಮಾನಿಸಿ ಆಗಿತ್ತು. ಬೀಗ ಒಡೆದಿಲ್ಲ, ಕಿಟಕಿ ಸರಳು ಅಲುಗಾಡಿಲ್ಲ, ಕೀಲಿಕೈ ಇರುವುದು ಅಟೆಂಡರ್ ಹೆಂಗಸಿನ ಹತ್ತಿರ ಮಾತ್ರ. ಇನ್ನೇನು ಬೇಕು?

ಅಟೆಂಡರಮ್ಮನಿಗೆ ನಿವೃತ್ತಿ ಹತ್ತಿರ ಬಂದಿತ್ತು. ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿ ಕೂತಿದ್ದಳು.

“ಬೀಗ ಹಾಕಿದ್ದು ಯಾರು?”

“ನಾನೇ. ಎರಡು ಸಲ ಎಳೆದು ನೋಡಿದೀನಿ.”

“ಕೀಲಿಕೈ ಯಾರಿಗಾದರೂ ಕೊಟ್ಟಿದ್ರಾ?”

“ನನ್ನ ಗಂಡನಿಗೇ ಮನೆ ಕೀಲಿ ಕೊಟ್ಟವಳಲ್ಲ ನಾನು.”

ದಫೇದಾರರು ಒಳಗೊಳಗೇ ತಲೆಯಾಡಿಸಿದರು. ತನ್ನ ಕೊರಳಿಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದಾಳೆ ಮುದುಕಿ.

ಸಂಗ್ರಹ ಕೊಟ್ಟ ದಾನಿಯೂ ಬಂದಿದ್ದರು. ಅವರ ಅಪ್ಪ ಡೇರೆ ಹೊತ್ತು ಊರೂರು ತಿರುಗಿ ಪ್ರದರ್ಶನ ನಡೆಸಿದವರು. ಹೋದ ಚಿತ್ರ ಆ ಡೇರೆಯ ‘ಹಾವಿನ ಹುಡುಗಿ’ಯದು. “ಅದು ಇಡೀ ಪ್ರದರ್ಶನದ ಮುಖ. ನಾಳೆ ಸಂಜೆಯೊಳಗೆ ಸಿಗದಿದ್ರೆ ಲಾರಿ ತರಿಸ್ತೀನಿ, ಎಲ್ಲ ವಾಪಸ್,” ಅಂದರು. ಲಾರಿ ಬಂದರೆ ಮೊದಲು ಮನೆಗೆ ಹೋಗುವವಳು ಈಕೆಯೇ ಅಂತ ಗ್ರಂಥಾಲಯದ ಅಧಿಕಾರಿ ಅಟೆಂಡರಮ್ಮನ ಕಡೆ ಬೆರಳು ತೋರಿಸಿದರು. ದಫೇದಾರರು ಅವಳನ್ನು ಠಾಣೆಗೆ ಕಳಿಸಿ ಬೆಂಚಿನ ಮೇಲೆ ಕೂರಿಸುವ ಏರ್ಪಾಡು ಮಾಡಿದರು. ಜರಡಿ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಬೆರಳಚ್ಚು ತಜ್ಞ ಮಾತ್ರ ಗೊಣಗುತ್ತಿದ್ದ. “ಎಲ್ಲಾ ಕಡೆ ಧೂಳು ಮೇಡಂ, ಎಲ್ಲಾ ಕಡೆ ಚೌಕಟ್ಟು ಹೊಡೆದ ಬಡಗಿಯ ಬೆರಳು. ಈ ಮೇಜಿನ ಕನ್ನಡಿ ಮೇಲೆ ನೋಡಿದ್ರೆ ಒಂದೇ ಒಂದು ಗುರುತಿಲ್ಲ. ತಿಕ್ಕಿ ಒರೆಸಿದ್ದಾರೆ.”

ಮೂಲೆಯಲ್ಲಿ ಕಪ್ಪು ಪರದೆಗಳ ನಡುವೆ ಮೂರು ಕಾಲಿನ ಒಂದು ಮೇಜು. ಜರಡಿ ಹೊರಟಿದ್ದ ಅಟೆಂಡರಮ್ಮನನ್ನು ತಡೆದು ಕೇಳಿದರು. “ಇದನ್ನ ಒರೆಸಿದ್ದು ನೀವಾ?”

“ಅಯ್ಯೋ, ಮುಟ್ಟಲೇಬಾರದು ಅಂದಿದ್ರು ಸಾಹೇಬ್ರು. ನಿನ್ನೆ ಸಂಜೆ ಅದರ ಮೇಲೆ ಬಡಗಿಯ ಅಂಗೈ ಹಾಗೇ ಕೂತಿತ್ತು. ಬೈದು ಕಳಿಸಿದೆ ಅವನನ್ನ.”

ಜರಡಿ ದಾನಿಯ ಕಡೆ ತಿರುಗಿದರು. “ಏನಿದು ಮೇಜು?”

ದಾನಿ ಸ್ವಲ್ಪ ಹಿಂದೆಮುಂದೆ ನೋಡಿದರು. ಅಪ್ಪನ ಗುಟ್ಟು. ಆಮೇಲೆ ಹೇಳಿದರು. ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿ ಓರೆಯಾಗಿ ನಿಂತಿವೆ. ಅವು ಪಕ್ಕದ ಕಪ್ಪು ಪರದೆಯನ್ನು ತೋರಿಸುತ್ತವೆ, ನೋಡುವವನಿಗೆ ಅದೇ ಹಿಂದಿನ ಪರದೆ ಅನ್ನಿಸಿ ಮೇಜಿನ ಕೆಳಗೆ ಬರೀ ಗಾಳಿ ಕಾಣುತ್ತದೆ. ಹುಡುಗಿ ಕನ್ನಡಿಯ ಹಿಂದೆ ಮುದುರಿ ಕೂತು ಮೇಜಿನ ತೂತಿನಿಂದ ತಲೆ ಮಾತ್ರ ಹೊರಗೆ ಹಾಕುತ್ತಾಳೆ. ಕೊರಳ ಸುತ್ತ ಬಟ್ಟೆಯ ಹಾವು ಸುತ್ತಿದರೆ ಮನುಷ್ಯರ ತಲೆ, ಹಾವಿನ ಮೈ.

“ಕನ್ನಡಿ ಮೇಲೆ ಒಂದು ಬೆರಳು ಬಿದ್ರೂ ಅದು ಗಾಳೀಲಿ ತೇಲ್ತದೆ, ಗುಟ್ಟು ರಟ್ಟು. ಅದಕ್ಕೇ ಒಳಗೆ ಕೂರೋಳು ಒರೆಸದೆ ಕೂರಬಾರದು. ನಮ್ಮಪ್ಪ ಹೊಡೆದು ಹೊಡೆದು ಕಲಿಸ್ತಿದ್ದರು.”

“ಹೊಸಬರು ಅಡಗಿ ಕೂತಿದ್ರೆ?”

“ಹೊಸಬರು ಯಾಕೆ ಒರೆಸ್ತಾರೆ? ಅದು ಕಲಿತ ಕೈ.”

ಜರಡಿ ದಫೇದಾರರ ಮುಖ ನೋಡಿದರು. ಪಾಪ, ನಮ್ಮ ಬೀಗರು ನಿಟ್ಟುಸಿರು ಬಿಟ್ಟು ಟೋಪಿ ತೆಗೆದಿಟ್ಟು ಮೇಜಿನ ಹಿಂದೆ ನುಗ್ಗಿದರು. ಹೊಟ್ಟೆ ಒಳಗೆ ಹೋಯಿತು, ಮಂಡಿ ಹೋಗಲಿಲ್ಲ. ಎಳೆದು ತೆಗೆಯಲು ಇಬ್ಬರು ಕಾನ್‌ಸ್ಟೇಬಲ್‌ಗಳು ಬೇಕಾದರು.

“ಗಿಡ್ಡ ಆಳು,” ಅಂದರು ಜರಡಿ. “ಸಂಜೆ ಒಳಗೇ ಉಳಿದು, ಬೆಳಿಗ್ಗೆ ಬಾಗಿಲು ತೆಗೆದಾಗ ಜಾರಿಕೊಂಡಿದ್ದಾರೆ. ಅಮ್ಮಾ, ಕೊನೆಗೆ ಹೋದವರು ಯಾರು?”

“ದರ್ಜಿ ಹುಡುಗಿ. ಕೋಡಂಗಿಯ ಅಂಗಿ ಹೊಲಿದು ತಂದಿದ್ಲು. ‘ಬರ್ತೀನಿ ಅಕ್ಕಾ’ ಅಂದ್ಲು.”

“ಹೋಗಿದ್ದು ನೋಡಿದ್ರಾ?”

ಅಟೆಂಡರಮ್ಮ ಬಾಗಿಲ ಕಡೆ ನೋಡಿದಳು. “ಧ್ವನಿ ಕೇಳಿಸ್ತು,” ಅಂದಳು. ಆಮೇಲೆ ಅವಳನ್ನು ಠಾಣೆಗೆ ಕರೆದುಕೊಂಡು ಹೋದರು.

ದರ್ಜಿಯ ಅಂಗಡಿ ಒಂದು ಬಾಗಿಲಿನದು. ಒಂದು ಹೊಲಿಗೆ ಯಂತ್ರ, ಗೂಟಗಳಿಗೆ ತೂಗುವ ಬಟ್ಟೆ, ಗಿರಾಕಿಗಳು ಮೈಗಿಟ್ಟು ನೋಡಿಕೊಳ್ಳಲು ಒಂದು ನಿಲುವುಗನ್ನಡಿ. ‘ಹುಡುಗಿ’ ಅಂದದ್ದು ಅಟೆಂಡರಮ್ಮನ ಬಾಯಿ ಅಭ್ಯಾಸ, ಅವಳಿಗೆ ಐವತ್ತಾಗಿರಬೇಕು. ನಿಂತರೆ ದಫೇದಾರರ ಎದೆಗೆ ಬರುತ್ತಿದ್ದಳು.

ಜರಡಿ ಕನ್ನಡಿಯ ಪಕ್ಕ ನಿಂತು ಏನೂ ಆಗದವರ ಹಾಗೆ ಹೆಬ್ಬೆರಳನ್ನು ಗಾಜಿಗೆ ಒತ್ತಿದರು. ಮೇಡಂ ಆಯಾಸವಾಗಿ ಒರಗಿಕೊಂಡಿದ್ದಾರೆ ಅಂದುಕೊಂಡರು ದಫೇದಾರರು.

“ನಿನ್ನೆ ಸಂಜೆ ಗ್ರಂಥಾಲಯದಿಂದ ಎಷ್ಟೊತ್ತಿಗೆ ಬಂದ್ರಿ?”

“ಕತ್ತಲಾಗೋಕೆ ಮುಂಚೆ.” ಯಂತ್ರ ಓಡುತ್ತಲೇ ಇತ್ತು.

“ಯಾರು ನೋಡಿದ್ರು?”

“ಅಕ್ಕನಿಗೆ ಹೇಳಿಯೇ ಬಂದೆ. ಬೇಕಾದ್ರೆ ಕೇಳಿ.”

“ಕೇಳೋದೇನು ಕಷ್ಟ ಇಲ್ಲ. ನಮ್ಮ ಠಾಣೆ ಬೆಂಚಿನ ಮೇಲೇ ಕೂತಿದ್ದಾರೆ.”

ಯಂತ್ರ ನಿಂತಿತು. “ಅಕ್ಕನಾ? ಯಾಕೆ?”

“ಬೀಗ ಒಡೆದಿಲ್ಲ. ಕೀಲಿಕೈ ಅವರದು. ನೀವೇ ಹೇಳಿ.”

ದರ್ಜಿ ಎದ್ದಳು. ಏನೋ ಹೇಳಲು ಬಂದವಳು ಹೆಗಲ ಮೇಲಿನ ಬಟ್ಟೆಯ ತುಂಡು ತೆಗೆದು ಕನ್ನಡಿಯ ಮೇಲಿನ ಹೆಬ್ಬೆರಳ ಗುರುತನ್ನು ಒರೆಸಿದಳು. ಮೇಲಿನಿಂದ ಕೆಳಗೆ, ಒಂದೇ ಎಳೆತ.

ಜರಡಿ ಅವಳನ್ನೇ ನೋಡುತ್ತ ಮತ್ತೆ ಹೆಬ್ಬೆರಳು ಒತ್ತಿದರು.

ಅವಳ ಕೈ ಮತ್ತೆ ಹೋಯಿತು, ಅರ್ಧದಲ್ಲಿ ನಿಂತಿತು. ದಫೇದಾರರು ತಮಗೇ ಗೊತ್ತಿಲ್ಲದಂತೆ ಬಾಗಿಲಿಗೆ ಅಡ್ಡ ಬಂದಿದ್ದರು.

“ಯಾರು ಕಲಿಸಿದ್ದು?”

“ನಮ್ಮಮ್ಮ.” ಬಟ್ಟೆಯನ್ನು ಮಡಿಸಿ ಮತ್ತೆ ಹೆಗಲ ಮೇಲೆ ಹಾಕಿಕೊಂಡಳು. “ಅಕ್ಕನ್ನ ಬಿಟ್ಟುಬಿಡಿ. ಅವಳಿಗೇನೂ ಗೊತ್ತಿಲ್ಲ.”

ಚಿತ್ರ ಅದೇ ಕನ್ನಡಿಯ ಬೆನ್ನಿನ ಹಲಗೆಯೊಳಗಿತ್ತು. ಅವಳೇ ಮೊಳೆ ಕಿತ್ತು ತೆಗೆದುಕೊಟ್ಟಳು. ಡೇರೆಯ ಹಿಂದುಗಡೆ, ಬಿಸಿಲಲ್ಲಿ, ಒಬ್ಬಳು ತುದಿಗಾಲ ಮೇಲೆ ನಿಂತು ಒದ್ದೆ ಬಟ್ಟೆ ಒಣಹಾಕುತ್ತಿದ್ದಾಳೆ. ಮಂಡಿಯ ಹತ್ತಿರ ಚಿತ್ರದ ಅಂಚಿನಿಂದ ಒಂದು ಪುಟ್ಟ ಕೈ ಬಂದು ಅವಳ ಲಂಗ ಹಿಡಿದಿದೆ.

“ಹಾವಿನ ಹುಡುಗಿಗೆ ಕಾಲಿದೆ ಅಂತ ಊರಿಗೆ ಗೊತ್ತಾದ್ರೆ ಟಿಕೆಟ್ ಯಾರು ತಗೋತಾರೆ? ಅದಕ್ಕೇ ಯಾವ ಊರಲ್ಲೂ ಅವಳನ್ನ ಹೊರಗೆ ಬಿಡ್ತಿರಲಿಲ್ಲ. ಪೆಟ್ಟಿಗೇಲಿ ಹೊತ್ತು ತಂದು ಪೆಟ್ಟಿಗೇಲಿ ಹೊತ್ತು ಹೋಗೋರು. ಭಿತ್ತಿಪತ್ರ ಬೇಕಾದಷ್ಟಿವೆ ಮೇಡಂ, ಎಲ್ಲದರಲ್ಲೂ ಹಾವೇ. ನಮ್ಮಮ್ಮ ನಿಂತಿರೋದು ಇದೊಂದೇ. ಕೋಡಂಗಿ ಮಾಮ ಕದ್ದು ತೆಗೆದಿದ್ದು.”

“ಒಂದು ಪ್ರತಿ ಕೇಳಬಹುದಿತ್ತಲ್ಲ.”

“ಕೇಳಿದೆ. ನಿನಗೂ ಅವಳಿಗೂ ಏನು ಸಂಬಂಧ, ದಾಖಲೆ ತಗೊಂಡು ಬಾ ಅಂದ್ರು ಗ್ರಂಥಾಲಯದ ಸಾಹೇಬ್ರು. ಆ ಕೈ ನಂದು ಅಂದೆ. ಅದು ದಾಖಲೆ ಅಲ್ಲವಂತೆ.”

ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಆಯಿತು. ಠಾಣೆಯಲ್ಲಿ ಬೆಂಚಿನ ಒಂದು ತುದಿಯಿಂದ ಅಟೆಂಡರಮ್ಮ ಏಳುವಾಗ ಇನ್ನೊಂದು ತುದಿಗೆ ದರ್ಜಿ ಕೂತಳು.

“ಹಾಳಾದವಳೆ, ನನ್ನ ಕೇಳಿದ್ರೆ ನಾನೇ ತೆಗೆದುಕೊಡ್ತಿದ್ದೆ.”

“ಅದಕ್ಕೇ ಕೇಳಲಿಲ್ಲ ಅಕ್ಕ.”

ಅಟೆಂಡರಮ್ಮ ಮನೆಗೆ ಹೋಗಲಿಲ್ಲ. ಮತ್ತೆ ಅಲ್ಲೇ ಕೂತಳು.

ಅದಕ್ಕೂ ಮೊದಲು, ಚಿತ್ರ ಸಿಕ್ಕ ಕೂಡಲೇ ಅಂಗಡಿಯಲ್ಲಿ ಮಾಡಿದ ಜಪ್ತಿ ಪಂಚನಾಮೆ ಬರೆದವರು ದಫೇದಾರರೇ. ಸಾಕ್ಷಿಗೆ ಪಂಚರು ಇಬ್ಬರು, ಎದುರುಗಡೆಯ ಗಡಿಯಾರ ರಿಪೇರಿಯವನು ಮತ್ತು ಅವನ ಭಾಮೈದ. ದಫೇದಾರರು ‘ಹಾವಿನ ಹುಡುಗಿಯ ಛಾಯಾಚಿತ್ರ, ಒಂದು’ ಅಂತ ಬರೆದಿದ್ದರು. ಜರಡಿ ಓದಿ ಹಿಂದಕ್ಕೆ ಕೊಟ್ಟರು.

“ಹಾವು ಎಲ್ಲಿದೆ ಇದರಲ್ಲಿ? ಕಂಡದ್ದು ಬರೀರಿ.”

ದಫೇದಾರರು ಆ ಸಾಲು ಹೊಡೆದುಹಾಕಿ ಮತ್ತೆ ಬರೆದರು. ಒಬ್ಬ ಹೆಂಗಸು ತನ್ನ ಎರಡು ಕಾಲುಗಳ ಮೇಲೆ ನಿಂತು ಬಟ್ಟೆ ಒಣಹಾಕುತ್ತಿರುವುದು. ಆಕೆಯ ಲಂಗ ಹಿಡಿದಿರುವ ಮಗುವಿನ ಕೈ.

“ಯಾರ ಮಗು ಅಂತ ಬರೀಲಿ ಮೇಡಂ?”

ಜರಡಿ ಕಿಟಕಿಯ ಕಡೆ ನೋಡುತ್ತ ಹೇಳಿದರು. “ಸದರಿ ಹೆಂಗಸು ಆರೋಪಿಯ ತಾಯಿ, ಸದರಿ ಕೈ ಆರೋಪಿಯದು ಅಂತ ಬರೀರಿ. ಪಂಚರ ಸಹಿ ತಗೊಳ್ಳಿ. ಸೀಲು ಒತ್ತಿ.”

ದರ್ಜಿಗೆ ಓದಿ ಹೇಳಿದರು. ಇನ್ನೊಂದು ಸಲ ಓದಿ ಅಂದಳು. ಆಮೇಲೆ ತಾನೂ ರುಜು ಹಾಕಿದಳು.

ಚಿತ್ರ ಕೋರ್ಟಿನ ಸ್ವತ್ತಾಯಿತು, ಉದ್ಘಾಟನೆಗೆ ಸಿಗಲಿಲ್ಲ. ಆದರೂ ಲಾರಿ ಬರಲಿಲ್ಲ. ದಾನಿ ಠಾಣೆಗೆ ಬಂದು ಪಂಚನಾಮೆ ಓದಿ, ಆ ಮೂರು ಸಾಲು ಬರೆದುಕೊಂಡು ಹೋದರು. ಮರುದಿನ ಸಂಜೆ ಉದ್ಘಾಟನೆಗೆ ಬಂದ ಜನ ಖಾಲಿ ಚೌಕಟ್ಟಿನ ಕೆಳಗೆ ಅಂಟಿಸಿದ್ದ ಅದನ್ನೇ ನಿಂತು ಓದಿದರು.

ಇಷ್ಟೇ. ಇದರಲ್ಲಿ ಸುಳ್ಳು ಎಲ್ಲಿದೆ ಅಂತ ಹುಡುಕುವವರು ನಮ್ಮ ಬೀಗರ ಮಂಡಿ ನೋವನ್ನು ಕೇಳಿ. ಮಿಕ್ಕವರು ಇದನ್ನು ನಾಲ್ಕು ಜನಕ್ಕೆ ಕಳಿಸಿ. ಕಳಿಸುವಾಗ ಮೇಲುಗಡೆ ‘ಹಾವಿನ ಹುಡುಗಿ ಕತೆ’ ಅಂತ ಮಾತ್ರ ಹಾಕಬೇಡಿ. ಬಟ್ಟೆ ಒಣಹಾಕುತ್ತಿದ್ದ ಒಬ್ಬ ತಾಯಿಯ ಕತೆ ಅಂತ ಹಾಕಿ ಕಳಿಸಿ.