ಬೆಳಕಿಗಿಟ್ಟ ರಕ್ತ

ಕೆಂಪು ಬಾಳೆಹಣ್ಣಿನ ಸಿಪ್ಪೆ ಸನಾಳ ಮೇಜಿನ ಮೇಲೆ ಬಿದ್ದಿತ್ತು.

ಪಂಚಶೀಲಾ ಲ್ಯಾಬಿನ ಬಾಗಿಲಲ್ಲೇ ನಿಂತಳು. ಆ ಹಣ್ಣನ್ನು ತನ್ನೂರು ಕಮಲಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಬೆಳಿಗ್ಗೆ ಕೊಟ್ಟದ್ದು ವಿಶ್ವಾಸನಿಗೆ, ಹೊಸದಾಗಿ ಬಂದ ಈ ಸನಾಳಿಗಲ್ಲ. ಒಳಗೆ ಇಬ್ಬರೂ ಒಂದೇ ಮಷಿನ್ನಿನ ಮೇಲೆ ಬಾಗಿದ್ದರು. ಸನಾ ಏನೋ ಅಂದಳು. ವಿಶ್ವಾಸ ನಕ್ಕ. ಕಣ್ಣು ಕಿರಿದಾಗುವ ಆ ನಗು ತನಗೊಬ್ಬಳಿಗೇ ಎಂದುಕೊಂಡಿದ್ದಳು ಪಂಚಶೀಲಾ.

ಥಲಸ್ಸೀಮಿಯಾ ಇದ್ದ ಅವಳಿಗೆ ಕೂಸಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಬೇಕು. ಕಲಬುರಗಿಯ ಈ ಬ್ಲಡ್ ಸೆಂಟರಿನಲ್ಲಿ ಎರಡು ವರ್ಷದಿಂದ ಸೂಜಿ ಚುಚ್ಚುತ್ತಿದ್ದವನು ಟೆಕ್ನಿಷಿಯನ್ ವಿಶ್ವಾಸನೇ. ಮೊದಲು ಕೈ ನೋವಿನ ಮಾತು, ಆಮೇಲೆ ದಿನವೂ ಫೋನು. ಇವತ್ತು ಸೂಜಿ ಚುಚ್ಚಿದ್ದು ನರ್ಸ್ ಲತೀಫಾ.

"ವಿಶ್ವಾಸ ಯಾಕ ಬರಲಿಲ್ರೀ?"

"ಹೊಸ ಪ್ರಾಜೆಕ್ಟಿನಾಗ ಬಿಜಿ ಅದಾನ. ತಾನೇ ಕೇಳಿ ಹಾಕಿಸ್ಕೊಂಡಾನ."

ತಾನೇ ಕೇಳಿ! ರಕ್ತ ಹನಿ ಹನಿಯಾಗಿ ಇಳಿಯುತ್ತಿದ್ದಷ್ಟು ಹೊತ್ತೂ ಅವಳ ಎದೆ ಉರಿಯಿತು. ಸನಾಗೆ ಯಾರ ರಕ್ತವೂ ಬೇಕಿಲ್ಲ. ಯಾರಾದರೂ ಅಂಥವಳನ್ನೇ ಬಯಸುತ್ತಾರೆ.

ಗೇಟಿನ ಹತ್ತಿರ ವಿಶ್ವಾಸ ಓಡಿಬಂದ. "ಹೇಳದೇ ಹೊಂಟೀಯಲ್ಲ?"

"ನಿಮಗ ಒಳಗೇ ಜೋಡಿ ಅದಲ್ರೀ. ಹಣ್ಣು ಛಲೋ ಇತ್ತಂತೇನು ಆಕಿಗೆ?"

ಅವನು ನಗು ತಡೆದುಕೊಂಡ. ಅವಳ ಕಣ್ಣು ತುಂಬಿದ್ದು ಕಂಡಾಗ ಆ ನಗುವೂ ಹೋಯಿತು.

"ಹೋದ ವರ್ಷ ನಿಂಗ ಕಾಮಾಲಿ ಬಂದಾಗ, ಏರಿಸಿದ ರಕ್ತದಿಂದ ಹೆಪಟೈಟಿಸ್ ಬಂದಿರಬಹುದು ಅಂದ್ರು. ಏನಿಲ್ಲಂತ ರಿಪೋರ್ಟ್ ಬರೋತನಕ ನಂಗ ಊಟ ಇಳೀಲಿಲ್ಲ. ಆ ರಕ್ತ ಏರಿಸಿದ ಕೈ ನಂದು, ಪಂಚಶೀಲಾ."

ಅವನು ಲ್ಯಾಬಿನತ್ತ ಕೈ ತೋರಿಸಿದ.

"ಈ ಮಷಿನ್ನಿನಾಗ ರಕ್ತಕ್ಕ ಔಷಧಿ ಸೇರಿಸಿ ಬೆಳಕು ಬಿಡ್ತೀವಿ. ಬೆಳಕು ಬಿದ್ದ ಕೂಡ್ಲೆ ಔಷಧಿ ಕೆಲಸ ಶುರು ಮಾಡಿ, ಟೆಸ್ಟಿಗೆ ಸಿಗದ ವೈರಸ್ಸೂ ಬೆಳೀದಂಗ ಮಾಡ್ತದ. ಇನ್ನೂ ಪರೀಕ್ಷೆ ನಡದದ, ನಿನ್ನತನಕ ಬರಾಕ ವರ್ಷಗಟ್ಟಲೆ ಹಿಡೀಬಹುದು. ಸನಾಗ ಆ ಕೆಲಸ ಬರ್ತದ, ಆಕಿ ಕಡೆ ಕಲಿಯಾಕತ್ತೀನಿ. ನಿನ್ನ ಹೆಸರು ಹಿಡಿದು ಕಾಡ್ತಾಳ, ಅದಕ್ಕ ನಕ್ಕಿದ್ದು."

"ಮತ್ತ ಹಣ್ಣು?"

"ಕಸ್ಕೊಂಡು ತಿಂದಳು. ಹೊಟ್ಟಿಕಿಚ್ಚು ನಿನಗೊಬ್ಬಾಕಿಗೇ ಅಂತ ತಿಳೀಬ್ಯಾಡ. ಊರ ಮಂದಿ ರಕ್ತ ನಿನ್ನ ಮೈಯಾಗ ಹರೀತದ. ನೀ ಓ ಗ್ರೂಪ್, ನಾ ಬಿ. ನಂದೊಂದೇ ನಡಿಯೂದಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ರಕ್ತ ಹೊಂದದಿದ್ರ ಬಿಡ್ರಿ. ಐತವಾರ ನಮ್ಮ ಮನಿಗೆ ಬಂದು ಅವ್ವನ್ನ ಕೇಳ್ರಿ."

"ನಮ್ಮವ್ವನ್ನೂ ಕರ್ಕೊಂಡು ಬರ್ತೀನಿ. ಆಕಿಗೆ ನಿನ್ನ ಬ್ಯಾನಿ ವಿಷಯ ಎಲ್ಲಾ ಹೇಳೀನಿ."

"ಏನಂದ್ರು?"

"ಸೊಸಿ ಇಲ್ಲೇ ಗಾಜಿಪುರದಾಗ ನಮ್ಮ ಮನ್ಯಾಗೇ ಇದ್ರ, ಆಸ್ಪತ್ರಿಗೆ ಅಷ್ಟು ದೂರದಿಂದ ಬರೋದು ತಪ್ತದ ಅಂದ್ಳು."

ಮಂದಿ ಓಡಾಡುವ ಆ ಗೇಟಿನಲ್ಲಿ, ಪಂಚಶೀಲಾ ಮೊದಲ ಸಲ ತಾನಾಗಿ ಅವನ ಕೈ ಹಿಡಿದಳು.